ಗೆರೆಯ ಕೊನೆಯ ಮೂಲೆ

“ನಾನು ತಲೆ ಸುತ್ತಿ ಬಿದ್ದೆ ಅಂತ ಬರೆದವರು ಯಾರಮ್ಮ?”

ಡಿಪೋದ ಕಿಟಕಿಯಾಚೆ ನಿಂತಿದ್ದ ಅಜ್ಜಿಯ ಎಡಗೈಗೆ ಪಟ್ಟಿ ಕಟ್ಟಿತ್ತು. ಜೊತೆಯಲ್ಲಿ ಮಗಳಿದ್ದಳು. ಬಸ್ಸಿನಲ್ಲಿ ಯಾರಾದರೂ ಬಿದ್ದರೆ, ವೇಗ ದಾಖಲಿಸುವ ಯಂತ್ರದ ಹಾಳೆ ನೋಡಿ ವರದಿ ಬರೆಯುವುದು ನನ್ನ ಕೆಲಸ.

“ನಾನೇ, ಅಜ್ಜಿ.”

“ನೀನು ಬಸ್ಸಲ್ಲಿ ಇದ್ಯಾ?”

“ಇಲ್ಲ.”

“ಮತ್ತೆ ನನ್ನ ತಲೆ ಸುತ್ತಿದ್ದು ನಿನಗೆ ಹೇಗೆ ಗೊತ್ತಾಯ್ತು?”

ಹಾಳೆ ತೆಗೆದು ತೋರಿಸಿದೆ. ಬಸ್ಸು ಜೋರಾಗಿ ಹೋಗುತ್ತಿರಲಿಲ್ಲ. ಬ್ರೇಕ್ ಕೂಡ ಒಂದೇ ಸಮನೆ, ಮಿತಿಯೊಳಗೇ ಬಿದ್ದಿತ್ತು. ಅದೂ ಅಲ್ಲದೆ, ಬ್ರೇಕ್ ಹಾಕಿದರೆ ಜನ ಮುಂದಕ್ಕೆ ಮುಗ್ಗರಿಸುತ್ತಾರೆ. ಕಂಡಕ್ಟರ್ ಹೇಳಿದಂತೆ ಅಜ್ಜಿ ಬಿದ್ದದ್ದು ಹಿಂದಕ್ಕೆ, ಬಸ್ಸು ನಿಂತ ಕ್ಷಣದಲ್ಲಿ. ಹಾಗಾದರೆ ತಪ್ಪು ಬಸ್ಸಿನದಲ್ಲ ಎಂದು ಬರೆದಿದ್ದೆ. ‘ಪ್ರಾಯಶಃ ತಲೆ ಸುತ್ತಿ’ ಎಂಬ ಮಾತನ್ನು ನನ್ನ ಕಡೆಯಿಂದಲೇ ಸೇರಿಸಿದ್ದೆ.

“ನೋಡಿದ್ಯಾ ಅಮ್ಮಾ?” ಎಂದಳು ಮಗಳು. “ಯಂತ್ರಾನೂ ಅದನ್ನೇ ಹೇಳ್ತಿದೆ. ಇನ್ಮೇಲೆ ಒಬ್ಬಳೇ ಎಲ್ಲೂ ಹೋಗೋದು ಬೇಡ. ದಾರ, ಗುಂಡಿ ಏನು ಬೇಕೋ ನಾನೇ ತಂದ್ಕೊಡ್ತೀನಿ.”

“ನೀನು ತರೋ ಗುಂಡಿ ಯಾರ ಅಂಗಿಗೂ ಹೊಂದಲ್ಲ,” ಎಂದರು ಅಜ್ಜಿ. ನಲವತ್ತು ವರ್ಷ ಬಟ್ಟೆ ಹೊಲಿದವರು. ಹೊರಡುವಾಗ ನನ್ನ ಕಡೆ ತಿರುಗಿ, “ನಿನ್ನ ಎರಡು ಸಾಲಿಗೆ ನಾನು ಮನೇಲಿ ಕೂತ್ಕೋಬೇಕಾಯ್ತಲ್ಲಮ್ಮ,” ಎಂದರು. ಬೈದಿದ್ದರೆ ವಾಸಿಯಿತ್ತು.

ಕೆಲಸ ಮುಗಿಸಿ ನಾನು ಸಂಜೆ ತರಗತಿಗೆ ಹೋಗುತ್ತೇನೆ. ಆ ವಾರ ಮೇಷ್ಟ್ರು ಚಲನೆಯ ಪಾಠ ತೆಗೆದಿದ್ದರು.

“ಸ್ಥಾನ ಎಷ್ಟು ಬೇಗ ಬದಲಾಗುತ್ತೆ ಅನ್ನೋದು ವೇಗ. ವೇಗ ಎಷ್ಟು ಬೇಗ ಬದಲಾಗುತ್ತೆ ಅನ್ನೋದು ವೇಗೋತ್ಕರ್ಷ. ಆ ವೇಗೋತ್ಕರ್ಷಾನೇ ಬದಲಾದ್ರೆ?”

ಮೇಷ್ಟ್ರು ಬೋರ್ಡಿನ ಮೇಲೆ ಪ್ರಶ್ನೆಯ ಗುರುತು ಹಾಕಿ ನಮ್ಮ ಕಡೆ ತಿರುಗಿದರು.

“ದಿನಾ ಬಸ್ಸಲ್ಲಿ ಬರ್ತೀರಿ, ಬಾಯಿ ತುಂಬ ಬೈತೀರಿ, ಹೆಸರು ಗೊತ್ತಿಲ್ವಾ? ಜರ್ಕ್! ಪುಸ್ತಕದಲ್ಲೂ ಅದೇ ಹೆಸರು.”

ಅದರ ಮೇಲೂ ನಾಲ್ಕನೆಯದು, ಐದನೆಯದು ಇವೆಯಂತೆ; ಪ್ರತಿಯೊಂದೂ ತನ್ನ ಕೆಳಗಿನದು ಎಷ್ಟು ಬೇಗ ಬದಲಾಗುತ್ತಿದೆ ಎಂದು ಹೇಳುತ್ತದಂತೆ. ನನಗೆ ಮೂರನೆಯದೇ ಸಾಕಾಗಿತ್ತು. ಬ್ರೇಕ್ ಒಂದೇ ಸಮನೆ ಬೀಳುತ್ತಿದ್ದರೆ ನಿಂತವರ ಮೈ ಅದಕ್ಕೆ ಹೊಂದಿಕೊಂಡು ಹಿಂದಕ್ಕೆ ವಾಲುತ್ತದೆ. ಬಸ್ಸು ನಿಂತೊಡನೆ, ಮುಂದಕ್ಕೆ ತಳ್ಳುತ್ತಿದ್ದ ಒತ್ತಡ ಥಟ್ಟನೆ ಮಾಯ. ಮೈ ಮಾತ್ರ ಇನ್ನೂ ವಾಲಿಯೇ ಇರುತ್ತದೆ.

ನನ್ನ ಪೆನ್ನು ನಿಂತಿತು. ಹಾಗೆ ವಾಲಿದವರು ಬೀಳುವುದು ಹಿಂದಕ್ಕೇ.

ಮರುದಿನ ಹಾಳೆಯನ್ನು ಮತ್ತೆ ನೋಡಿದೆ. ವೇಗದ ಗೆರೆ ನೇರವಾಗಿ ಇಳಿದು, ಸೊನ್ನೆಯಲ್ಲಿ ಚೂಪಾದ ಮೂಲೆಯಾಗಿ ಮುಗಿದಿತ್ತು. ಅಂದು ಆ ಬಸ್ಸು ಓಡಿಸಿದ್ದ ಡ್ರೈವರಣ್ಣನ ಹಳೆಯ ಹಾಳೆಗಳನ್ನೂ ಹುಡುಕಿದೆ. ಡಿಪೋದಲ್ಲಿ ಅವನನ್ನು ಎಲ್ಲರೂ ‘ಬೆಣ್ಣೆ’ ಎನ್ನುತ್ತಾರೆ. ಅವನ ಬಸ್ಸು ನಿಂತದ್ದೇ ತಿಳಿಯದೆ ಜನ ಕೂತೇ ಇರುತ್ತಿದ್ದರಂತೆ. ಹಳೆಯ ಹಾಳೆಗಳಲ್ಲಿ ಪ್ರತಿ ನಿಲ್ದಾಣದಲ್ಲೂ ಗೆರೆ ಕೊನೆಗೆ ಬಾಗಿ ಮೆಲ್ಲಗೆ ಸೊನ್ನೆ ಮುಟ್ಟಿತ್ತು. ನಿಲ್ಲುವ ಮುಂಚೆ ಬ್ರೇಕಿನ ಮೇಲಿನ ಕಾಲನ್ನು ತುಸು ಸಡಿಲಿಸುತ್ತಿದ್ದನೆಂದು ಅರ್ಥ. ಎರಡು ತಿಂಗಳಿಂದ ಈಚೆಗೆ ಬರೀ ಮೂಲೆಗಳು.

ಅಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕೂತು ಊಟ ಮುಗಿಸುತ್ತಿದ್ದ.

“ಅಣ್ಣ, ಕಾಲಿಗೆ ಏನಾಗಿದೆ?”

“ಹಾಳೆ ಓದ್ತಿದ್ದೋಳು ಈಗ ಕಾಲೂ ಓದೋಕೆ ಶುರು ಮಾಡಿದ್ಯಾ?” ಎಂದು ನಕ್ಕ.

ಎರಡು ಹಾಳೆಗಳನ್ನು ಪಕ್ಕಪಕ್ಕ ಹಿಡಿದೆ. ಅವನ ನಗು ಇಳಿಯಿತು. ಊಟದ ಡಬ್ಬಿ ಪಕ್ಕಕ್ಕಿಟ್ಟು, ಪ್ಯಾಂಟಿನ ತುದಿ ಮೇಲೆತ್ತಿದ. ಬಲಪಾದದ ಕೀಲು ಊದಿತ್ತು.

“ಒತ್ತೋಕೆ ಆಗುತ್ತೆ. ಮೆಲ್ಲಗೆ ಬಿಡೋಕೆ ಆಗಲ್ಲ. ಹೇಳಿದ್ರೆ ಸೀಟಿಂದ ಇಳಿಸ್ತಾರೆ ತಂಗಿ. ಇಪ್ಪತ್ತಾರು ವರ್ಷ ಆಯ್ತು, ಬೇರೆ ಕೆಲಸ ನನಗೆ ಬರಲ್ಲ.”

“ಆ ಅಜ್ಜಿ ಈಗ ಒಬ್ಬರೇ ಹೊಸ್ತಿಲು ದಾಟೋ ಹಾಗಿಲ್ಲ ಅಣ್ಣ. ನಾನು ಬರೆದಿದ್ದಕ್ಕೆ.”

ಮೇಷ್ಟ್ರನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ. ಆದರೂ ಆ ಗಳಿಗೆಯಲ್ಲಿ, ನನಗೆ ಪಾಠ ಸರಿಯಾಗಿ ತಿಳಿಯದೇ ಹೋಗಿರಬಾರದೇ ಎನ್ನಿಸಿತು.

ಅವನು ಪ್ಯಾಂಟನ್ನು ಕೆಳಗಿಳಿಸಿದ. “ಬರಿ. ಆದ್ರೆ ಕಾಲು ನೋವು ಅಂತ ಬರಿ. ಗಮನ ಇರಲಿಲ್ಲ ಅಂತ ಬರೀಬೇಡ.”

ಹಾಗೆಯೇ ಬರೆದೆ. ‘ನನ್ನ ಮೊದಲ ವರದಿ ತಪ್ಪು’ ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಡಿಪೋ ಸಾಹೇಬರು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದರು. ಡಾಕ್ಟರ ಚೀಟಿ ಬರುವವರೆಗೆ ಅಣ್ಣನನ್ನು ಗೇಟಿನ ಕೆಲಸಕ್ಕೆ ಹಾಕಿದ್ದಾರೆ. ಮತ್ತೆ ಸೀಟು ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ನಾನು ತಲೆ ತಗ್ಗಿಸಿ ಗೇಟು ದಾಟಿದರೆ, “ನೆಲದಲ್ಲಿ ಏನು ಹುಡುಕ್ತಿದ್ದೀಯಾ ತಂಗಿ?” ಎನ್ನುತ್ತಾನೆ.

ವರದಿಯನ್ನು ಅಂಚೆಗೆ ಹಾಕಲು ಮನಸ್ಸಾಗದೆ ನಾನೇ ಅಜ್ಜಿಯ ಮನೆಗೆ ಒಯ್ದೆ. ಅಜ್ಜಿ ಅದನ್ನು ಮಗಳ ಕೈಗೆ ಕೊಟ್ಟು, “ಓದು. ಜೋರಾಗಿ,” ಎಂದರು.

“‘ಬಸ್ಸು ನಿಂತ ಕ್ಷಣದ ಜರ್ಕ್‌ನಿಂದ ಬಿದ್ದಿದ್ದಾರೆ. ಪ್ರಯಾಣಿಕರ ತಪ್ಪಿಲ್ಲ.’” ಮಗಳು ಕಾಗದ ಮಡಚಿದಳು. “ಆದ್ರೂ ಅಮ್ಮಾ...”

“ಆದ್ರೂ ಇಲ್ಲ, ಗೀದ್ರೂ ಇಲ್ಲ.” ಅಜ್ಜಿ ಆಗಲೇ ಚೀಲ ಕೈಗೆತ್ತಿಕೊಂಡಿದ್ದರು. “ಮುಂದಿನ ಬಸ್ಸು ಎಷ್ಟೊತ್ತಿಗೆ?”

“ಇನ್ನು ಎಂಟು ನಿಮಿಷ ಇದೆ. ನಾನೂ ಬರ್ತೀನಿ ಅಜ್ಜಿ,” ಎಂದು ಎದ್ದೆ.

“ನೀನು ಕೂತ್ಕೋ. ಟೀ ಕುಡಿ.”

ಅವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮಗಳು ಟೀಗೆ ಇಡಲಿಲ್ಲ. ನಾನು ಕೂರಲೂ ಇಲ್ಲ. ಇಬ್ಬರೂ ಕಿಟಕಿಯ ಬಳಿ ನಿಂತು, ಅಜ್ಜಿ ಎದುರಿನ ನಿಲ್ದಾಣದಲ್ಲಿ ಬಸ್ಸು ಹತ್ತಿ, ಕಂಬ ಹಿಡಿದು, ಸೀಟು ಹುಡುಕಿ ಕೂರುವವರೆಗೂ ನೋಡಿದೆವು.