ಚಂದ್ರನೂ ಸೇರಬೇಕಿದ್ದ ಡಬ್ಬಿ

ಆನ್‌ಲೈನ್ ಪಾಠವೆಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತೂಕಡಿಸುವುದು ಎಂದು ತಿಳಿದವರು ಮಧುಮತಿಯನ್ನು ನೋಡಬೇಕಿತ್ತು. ಗದಗದಿಂದ ಬಂದು ಬಿಟಿಎಂ ಲೇಔಟಿನಲ್ಲಿ ಮಹಡಿ ಮೇಲಿನ ಕೋಣೆ ಹಿಡಿದ ಈ ಹುಡುಗಿ, ಆಫೀಸು ಮುಗಿಸಿ ವಿಶ್ವವಿದ್ಯಾಲಯದ ಸಿಸ್ಟಮ್ಸ್ ಇಂಜಿನಿಯರಿಂಗ್ ಪಾಠಕ್ಕೆ ಕೂತರೆ ಅನ್ನ ಸೀದರೂ ಏಳುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನ ಸೇರಿ ಒಂದು ವಿಮಾನ ಕಟ್ಟುತ್ತಾರೆ, ಆದರೂ ಅದು ಹಾರುತ್ತದೆ. ಹೇಗೆ? ಯಾರಿಗೆ ಏನು ಬೇಕೆಂದು ಮೊದಲು ಕೇಳಿ, ಬೇಕಾದ ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಇಟ್ಟು, ಕೊನೆಗೆ ಎಲ್ಲವನ್ನೂ ತಾಳೆ ನೋಡುವುದರಿಂದ. ಇಷ್ಟು ಸರಳವಾದದ್ದು ಅಷ್ಟು ದೊಡ್ಡದನ್ನು ಆಕಾಶಕ್ಕೆ ಎತ್ತುತ್ತದಲ್ಲ ಎಂದು ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಕೊನೆಯ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಮಾತ್ರೆ ಡಬ್ಬಿ. ಕೆಳಗಿನ ಮನೆಯ ನಾಗಲಕ್ಷ್ಮಮ್ಮ, ಅಂದರೆ ಓನರ್ ಆಂಟಿ, ಸಕ್ಕರೆ ಕಾಯಿಲೆಯ ಮಾತ್ರೆ ಮರೆಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಕೂಗಿ, ಮಾತ್ರೆ ಎತ್ತಿಕೊಳ್ಳುವವರೆಗೂ ಬಾಯಿ ಮುಚ್ಚದ ಡಬ್ಬಿ ಅದು. ಬಳಸುವವರ ಜೊತೆ ಕೂತು ಅವರ ದಿನಚರಿ ಪೂರ್ತಿ ಕೇಳಿ ಎಂದು ಪಾಠದಲ್ಲಿ ಹೇಳಿದ್ದರು. ದಿನಾ ಕಣ್ಣೆದುರಿರುವ ಆಂಟಿಯನ್ನು ಕೇಳುವುದೇನು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಮಧುಮತಿ ತಾನೇ ಎಲ್ಲ ಬರೆದು ಮುಗಿಸಿದಳು. ಜಾಣರು ಎಡವುವುದು ಇಂಥ ಕಡೆಯೇ. ಡಬ್ಬಿ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ ಆಂಟಿಯ ಫ್ರಿಜ್ಜಿನ ಮೇಲೆ ಕೂತಿತು.

ಹೊಸತರಲ್ಲೇ ಒಂದು ಸಂಜೆ ಅವಳು ಬಂದಾಗ ಆಂಟಿ ಮೆಟ್ಟಿಲ ಮೇಲೆ ಕುಸಿದಿದ್ದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಒಳಗೆ ಗಣಪತಿ ಪಟಕ್ಕೆ ಗರಿಕೆ ಏರಿಸಿದ್ದು ಕಂಡು ಮಧುಮತಿಗೆ ಹೊಳೆಯಿತು. ಅಂದು ಸಂಕಷ್ಟಿ. ಚಂದ್ರ ಕಾಣುವವರೆಗೂ ಆಂಟಿ ಊಟ ಮುಟ್ಟುವವರಲ್ಲ. ಡಬ್ಬಿ ಮಾತ್ರ ಬೆಳಿಗ್ಗೆಯೂ ಸಂಜೆಯೂ ನಿಯತ್ತಾಗಿ ಕೂಗಿತ್ತು.

ಓಡಿಹೋಗಿ ಸಕ್ಕರೆ ನೀರು ಕದಡಿ ತಂದಳು. ಗಾಬರಿಯಲ್ಲಿ ಊರಿನ ಮಾತೇ ಬಾಯಿಗೆ ಬಂತು.

"ಚಂದ್ರನ್ನ ಆಮ್ಯಾಲೆ ನೋಡೂಣ್ರಿ ಆಂಟಿ, ಮೊದಲ ಇದನ್ನ ಕುಡೀರಿ."

ವ್ರತ ಕೆಡುತ್ತದೆಂದು ಅವರು ತುಸು ಹಿಂಜರಿದು, ಆಮೇಲೆ ಕುಡಿದರು. ಬೀದಿ ಕೊನೆಯ ಡಾಕ್ಟರು ಬಂದು ನೋಡಿ, ಊಟ ಮಾಡಿಸಿ, ಬರಿ ಹೊಟ್ಟೆಗೆ ಮಾತ್ರೆ ನುಂಗಿ ಸಕ್ಕರೆ ತೀರಾ ಇಳಿದಿತ್ತು, ಇನ್ನು ಅಪಾಯವಿಲ್ಲ, ತಡವಾಗಿದ್ದರೆ ಕಷ್ಟವಿತ್ತು ಎಂದರು. ಉಪವಾಸದ ದಿನ ಮಾತ್ರೆ ಬೇಡವೆಂದು ಅವರೇ ಹಿಂದೆ ಹೇಳಿದ್ದರಂತೆ. ಡಬ್ಬಿ ಬರುವವರೆಗೂ ಆಂಟಿ ಹಾಗೆಯೇ ನಡೆದುಕೊಂಡೂ ಬಂದಿದ್ದರು.

ಆಂಟಿಯ ಊಟವಾದ ಮೇಲೆ ಮಧುಮತಿ ಅವರ ಪಕ್ಕದಲ್ಲೇ ಕೂತಳು. ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಚಂದ್ರ ಮೇಲೆದ್ದ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಅದು. ಅದರೊಳಗೆ ಒಬ್ಬ ಹೆಂಗಸಿನ ಹಸಿವು, ಆಕೆಯ ದೇವರು, ಗೋಡೆಯ ಪಂಚಾಂಗ, ಅಷ್ಟು ದೂರದ ಆ ಚಂದ್ರ ಎಲ್ಲವೂ ಸೇರಬೇಕಿತ್ತು. ದೊಡ್ಡ ಯಂತ್ರಗಳನ್ನು ಕಂಡು ಬೆರಗಾಗುತ್ತಿದ್ದವಳಿಗೆ ಈಗ ಒಬ್ಬರ ಒಂದೇ ಒಂದು ದಿನ ಅವೆಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಬೆರಗೂ ಭಯವೂ ಒಟ್ಟಿಗೇ ಆದವು.

ಉಪವಾಸವೆಂದು ಗೊತ್ತಿದ್ದೂ ಮಾತ್ರೆ ಯಾಕೆ ತೆಗೆದುಕೊಂಡಿರಿ ಎಂದು ಮೆಲ್ಲಗೆ ಕೇಳಿದಳು.

ಆಂಟಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

"ನೀನು ಅಷ್ಟೊಂದು ಓದ್ಕೊಂಡು ಮಾಡಿದ್ದಲ್ವಾ ಮಧು? ಇವತ್ತು ಸಂಕಷ್ಟಿ ಅಂತ ಅದಕ್ಕೆ ಗೊತ್ತಿದ್ದೇ ಕೂಗ್ತಿದೆ ಅಂದ್ಕೊಂಡೆ."