ಒಣಗದ ಹಳದಿ

ಅಕ್ಕ ನೆಲಕ್ಕೆ ಹಳೇ ಪತ್ರಿಕೆ ಹಾಸುತ್ತಾ ಗೋಡೆಯವರೆಗೆ ಬಂದವಳು ತಲೆ ಎತ್ತಿ ನೋಡಿ ಬೆಚ್ಚಿದಳು. ಬಣ್ಣದವನು ಮಾದರಿಗೆಂದು ಎರಡು ಚೌಕ ಬಳಿದಿದ್ದ: ಎಡಕ್ಕೆ ತಿಳಿಹಳದಿ, ಬಲಕ್ಕೆ ಕಡುನೀಲಿ.

"ನೀಲಿ ಯಾರಪ್ಪಾ ಹೇಳಿದ್ದು?"

"ನೀವೇ ಅಲ್ವಾ ಅಮ್ಮಾ? ಆಗ್ಲೇ ಬೆನ್ನ ಹಿಂದಿಂದ ಹೇಳಿದ್ರಲ್ಲ, ನೀಲಿನೂ ಒಂಚೂರು ಹಚ್ಚಿ ನೋಡಿ ಅಂತ."

ಅಕ್ಕ ಆಗ ಅಡುಗೆಮನೆಯಲ್ಲಿದ್ದಳು. ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ.

ನೀಲಿ ಬೇಕೆಂದು ಹಟ ಹಿಡಿದವಳು ತಂಗಿ, ಈ ಕೋಣೆ ಅವಳದು. ಒಂಬತ್ತು ವರ್ಷದ ಹಿಂದೆ ಅದೇ ಮಾತು ಜಗಳಕ್ಕೆ ತಿರುಗಿ, "ಇದು ನನ್ನ ಮನೆ, ನನ್ನ ಗೋಡೆ" ಎಂದು ಅಕ್ಕನ ಬಾಯಿಂದ ಬಂದುಹೋಯಿತು. ತಂಗಿ ಉಟ್ಟ ಬಟ್ಟೆಯಲ್ಲೇ ಹೊರಟಳು. ಆಮೇಲೆ ಅವಳಿಂದ ಬಂದದ್ದು ಒಂದು ವಿಳಾಸ ಮಾತ್ರ. 'ತಪ್ಪು ನನ್ನದು, ಬಂದುಬಿಡೇ' ಎಂದು ಅಕ್ಕ ಆ ವಿಳಾಸಕ್ಕೆ ಬರೆದ ಕಾಗದ ಅಂಚೆಗೆ ಬೀಳದೆ ಟ್ರಂಕಿನ ತಳ ಸೇರಿತು. ಮೊದಲು ಬಿಗುಮಾನ ಬಿಡಲಿಲ್ಲ, ಈಚೆಗೆ ಭಯ: ಉತ್ತರವೇ ಬರದಿದ್ದರೆ? ಹಳದಿ ಬಳಿಸಿ ಹೊಲಿಗೆ ಕೋಣೆ ಮಾಡಿಬಿಟ್ಟರೆ ಕಾಯುವ ಗೋಳಾದರೂ ತಪ್ಪೀತು ಎಂದುಕೊಂಡಿದ್ದಳು.

ನೀಲಿ ಗಂಟೆಯೊಳಗೆ ಒಣಗಿತು. ಹಳದಿ ಮರುದಿನವೂ ಹಸಿ.

"ಅದೇ ಗೋಡೆ, ಅದೇ ಬ್ರಷ್ಷು. ನಿಮ್ಮ ಗೋಡೆಗೆ ಹಳದಿ ಕಂಡ್ರೆ ಆಗಲ್ಲ ಅಂತ ಕಾಣುತ್ತೆ," ಎಂದು ಬಣ್ಣದವನು ನಕ್ಕ. ಮೂರನೆಯ ಬೆಳಿಗ್ಗೆ ನಗಲಿಲ್ಲ. ಹಳದಿಯ ನಟ್ಟನಡುವೆ ಒಂದು ಅಂಗೈ ಮೂಡಿತ್ತು. ಒತ್ತಿದ ಗುರುತಾದರೆ ತಗ್ಗಿರಬೇಕಿತ್ತು. ಇದು ಗೋಡೆಯೊಳಗಿಂದ ಯಾರೋ ನೂಕಿದ ಹಾಗೆ ಉಬ್ಬಿತ್ತು.

ಕಿರುಬೆರಳು ಮೊಂಡು. ಚಿಕ್ಕವಳಿದ್ದಾಗ ತಂಗಿಯ ಬೆರಳು ಬಾಗಿಲಿಗೆ ಸಿಕ್ಕಿ ತುದಿ ಹೋಗಿತ್ತು.

ಅಕ್ಕ ಅದರ ಮೇಲೆ ತನ್ನ ಕೈ ಇಟ್ಟಳು. ಬೆಚ್ಚಗಿತ್ತು, ಜ್ವರದವರ ಕೈಯಂತೆ. ಮಧ್ಯಾಹ್ನ ಮತ್ತೆ ಮುಟ್ಟಿದಾಗ ಉಗುರುಬೆಚ್ಚಗಿತ್ತು. ಸಂಜೆಯ ಹೊತ್ತಿಗೆ ಬೆರಳ ತುದಿಗಳು ತಣ್ಣಗಾಗಿದ್ದವು. ಅಂಗೈಯ ನಡುವೆ ಮಾತ್ರ ಒಂದಿಷ್ಟು ಬಿಸುಪು ಉಳಿದಿತ್ತು.

"ನೀಲಿನೇ ಹಚ್ಚಪ್ಪಾ. ನಾಲ್ಕೂ ಗೋಡೆಗೆ."

"ಈ ಕೈನ ಏನ್ ಮಾಡ್ಲಿ ಅಮ್ಮಾ?"

"ಅದನ್ನ ಮುಟ್ಟಬೇಡ. ಸುತ್ತ ಹಚ್ಚು."

ಟ್ರಂಕಿನಿಂದ ಕಾಗದ ತೆಗೆದು ಅಕ್ಕ ಬರಿಗಾಲಲ್ಲೇ ಬೀದಿಗಿಳಿದಳು. ಅಂಚೆಯವನು ಮೂಲೆಯ ಡಬ್ಬ ಖಾಲಿ ಮಾಡಲು ಚೀಲ ಬಿಚ್ಚುತ್ತಿದ್ದ. ಅವಳ ಕೈ ಒಮ್ಮೆ ಹಿಂದಕ್ಕೆ ಬಂತು.

"ಕೊಡ್ತೀರೋ ಇಲ್ವೋ ಅಮ್ಮಾ?"

"ಕೊಡ್ತೀನಿ, ತಡಿ. ಒಂಬತ್ತು ವರ್ಷ ಆಗಿದೆ," ಎಂದು ಅಕ್ಕ ಕಾಗದವನ್ನು ಅವನ ಚೀಲದೊಳಗೆ ಬಿಟ್ಟಳು.