ಮೆಟ್ಟಿಲು ಆರುನೂರ ನಲವತ್ತೆರಡು

ನಮ್ಮ ಪ್ರೆಸ್ಸಿನಲ್ಲಿ ವರ್ಷಕ್ಕೆ ಎರಡು ನಗೆಪುಸ್ತಕ ಅಚ್ಚಾಗುತ್ತವೆ. ಒಂದನ್ನು ಕಡಲ ದಂಡೆಯ ಕೆಳಗಿನೂರಿನವರು ಬೆಟ್ಟದ ಮೇಲಿನೂರನ್ನು ಆಡಿಕೊಳ್ಳಲು ಮಾಡಿಸುತ್ತಾರೆ, ಇನ್ನೊಂದನ್ನು ಮೇಲಿನೂರಿನವರು ಕೆಳಗಿನೂರನ್ನು ಆಡಿಕೊಳ್ಳಲು. ಎರಡೂ ಪ್ರವಾಸಿಗರನ್ನು ನಂಬಿದ ಊರುಗಳು. ಮೂವತ್ತೆರಡು ಪುಟ, ಪುಟಕ್ಕೊಂದು ವ್ಯಂಗ್ಯಚಿತ್ರ. ಎರಡನ್ನೂ ಬರೆಯುವವರು ನಮ್ಮ ಭಾವ. ಇದು ಎರಡೂ ಊರಿಗೆ ಗೊತ್ತು, ಯಾರಿಗೂ ಬೇಜಾರಿಲ್ಲ. ಇಬ್ಬರು ಶತ್ರುಗಳು ಒಬ್ಬನೇ ಕ್ಷೌರಿಕನಿಗೆ ತಲೆ ಕೊಟ್ಟ ಹಾಗೆ.

ನಾನು ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ಕಲಿತದ್ದು ಸಂಜೆ ತರಗತಿಯಲ್ಲಿ. ಹಗಲು ಕಲಿತವರು ಒಂದು ಸಲ ನೋಡಿ ಬಿಡುವುದನ್ನು ನಾನು ಮೂರು ಸಲ ನೋಡುತ್ತೇನೆ, ಆಮೇಲೂ ಅನುಮಾನ.

ಈ ಸಲ ಕೆಳಗಿನೂರಿನ ಪುಸ್ತಕ ಅಚ್ಚಾಗಿ ಹೊಲಿಗೆಗೆ ಹೋದ ಮೇಲೆ ಒಂದು ಸಂಶಯ ಕೊರೆಯತೊಡಗಿತು. ಬೆಟ್ಟಕ್ಕೆ ಸಾವಿರ ಮೆಟ್ಟಿಲು ಎಂದು ಭಾವ ಬರೆದಿದ್ದರು. ಸಾವಿರವೇ? ರಜೆಯ ದಿನ ಬಸ್ಸು ಹತ್ತಿ ಹೋಗಿ ಎಣಿಸಿಕೊಂಡು ಬಂದೆ. ಹೋದವಳು ಉಳಿದದ್ದನ್ನೂ ನೋಡಿಬಿಟ್ಟೆ. ತಿದ್ದುಪಡಿ ಚೀಟಿ ಹಾಕೋಣವೇ ಎಂದು ಪ್ರೆಸ್ಸಿನ ಯಜಮಾನರನ್ನು ಕೇಳಿದೆ. ಪಠ್ಯಪುಸ್ತಕಗಳಿಗೆ ಹಾಕುವುದು ನಮ್ಮಲ್ಲಿ ರೂಢಿ. ಯಾವ ಪುಸ್ತಕಕ್ಕೆಂದು ಅವರು ಕೇಳಲಿಲ್ಲ. ಕತ್ತರಿಸಿ ಉಳಿದ ಕಾಗದದಲ್ಲಿ ಮಾಡು ಎಂದರು. ಹೀಗೆ ಪ್ರತಿ ಪುಸ್ತಕದೊಳಗೂ ನನ್ನ ಚೀಟಿ ಸೇರಿತು:

“ಪುಟ ೭: ವೀಕ್ಷಣಾ ಕಟ್ಟೆಯಿಂದ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ ಎಂದಿದೆ. ಸರಿಯಲ್ಲ. ಬುಧವಾರ ಹನ್ನೊಂದೂವರೆಯಿಂದ ಹನ್ನೊಂದು ಮುಕ್ಕಾಲಿನವರೆಗೆ ನೀರಿನ ಟ್ಯಾಂಕು ಸ್ಪಷ್ಟವಾಗಿ ಕಂಡಿತು.

ಪುಟ ೧೨: ಮೆಟ್ಟಿಲು ಸಾವಿರವಲ್ಲ, ಆರುನೂರ ನಲವತ್ತೆರಡು. ಒಂದು ಸಡಿಲವಾಗಿದೆ.

ಪುಟ ೧೯: ಎಲ್ಲ ಹೋಟೆಲುಗಳಲ್ಲೂ ತಿಗಣೆ ಎಂದಿರುವುದು ತಪ್ಪು. ನೋಡಿದ ಮೂರು ಹೋಟೆಲುಗಳಲ್ಲಿ ಒಂದರಲ್ಲಿ ಇರಲಿಲ್ಲ.”

ಹತ್ತು ದಿನಕ್ಕೆ ಮೇಲಿನೂರಿನ ಹೋಟೆಲು ಸಂಘದ ಕಾರ್ಯದರ್ಶಿ ಚೀಟಿ ಹಿಡಿದುಕೊಂಡು ಬಂದರು. ಕೂರಿ ಎಂದರೂ ಕೂರಲಿಲ್ಲ.

“ಚಿತ್ರ ಬಿಡಿ. ತಿಗಣೆ ಆನೆ ಗಾತ್ರ ಬರೀಲಿ, ನಾವೂ ನಗ್ತೀವಿ, ಅದು ಸುಳ್ಳು ಅಂತ ಎಲ್ರಿಗೂ ಗೊತ್ತು,” ಎಂದರು. “ಇದು ನಿಜ ಅಲ್ವಾ?”

ನಿಜ ಎಂದೆ. ಅದೇ ತಪ್ಪಾಯಿತು. ಶುಕ್ರವಾರದೊಳಗೆ ಬರೆದುಕೊಟ್ಟ ಕ್ಷಮಾಪಣೆ ಬರಬೇಕು, ಇಲ್ಲದಿದ್ದರೆ ತಮ್ಮ ಪುಸ್ತಕಕ್ಕೆ ಬೇರೆ ಪ್ರೆಸ್ಸು, ಬೇರೆ ಚಿತ್ರಗಾರ ಎಂದು ಹೇಳಿ ಹೋದರು.

ಭಾವನಿಗೆ ಇರುವುದೇ ಎರಡು ಪುಸ್ತಕ. ಒಂದು ಹೋದರೆ ಅರ್ಧ ವರ್ಷ ಕೈ ಕಟ್ಟಿ ಕೂರಬೇಕು. ನಾನಿರುವುದೂ ಅವರ ಮನೆಯಲ್ಲೇ. ಸುದ್ದಿ ಕೇಳಿ ಭಾವ ಕಿಟಕಿಯ ಬಳಿಯ ಮೇಜಿನಲ್ಲಿ ತೊಳೆದ ಕುಂಚವನ್ನೇ ಮತ್ತೆ ತೊಳೆದರು. ಬೈಯುವ ಕೆಲಸ ಅಕ್ಕ ವಹಿಸಿಕೊಂಡಳು.

“ಅವರು ಸುಳ್ಳು ಹೇಳಿ ಮನೆ ನಡೆಸ್ತಿದ್ರು. ನೀನು ನಿಜ ಹೇಳಿ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ.”

ಕ್ಷಮಾಪಣೆಯನ್ನು ನಾಲ್ಕು ಸಲ ಬರೆದೆ. ತಪ್ಪಾಯಿತು ಎಂದರೆ ಯಾವ ತಪ್ಪು ಎಂದು ಹೇಳಬೇಕು. ಹುಡುಕಿದರೆ ಚೀಟಿಯಲ್ಲಿ ತಪ್ಪಿರಲಿಲ್ಲ.

ನಾಲ್ಕನೆಯದನ್ನೇ ಹಿಡಿದುಕೊಂಡು ಶುಕ್ರವಾರ ಬೆಟ್ಟ ಹತ್ತಿದೆ. ಹತ್ತುವಾಗ ಸುಮ್ಮನಿರಲಾರದೆ ಮತ್ತೆ ಎಣಿಸಿದೆ. ಆರುನೂರ ನಲವತ್ತೊಂದು. ಹೋದ ಸಲ ಸಡಿಲ ಮೆಟ್ಟಿಲನ್ನು ಪರೀಕ್ಷಿಸಲು ಇಳಿದು ಹತ್ತಿದ್ದೆ, ಅದನ್ನು ಎರಡು ಸಲ ಎಣಿಸಿರಬೇಕು. ತಲೆ ಎತ್ತಿದರೆ ಸುತ್ತ ಜನವೋ ಜನ, ಎಲ್ಲರ ಕೈಯಲ್ಲೂ ನನ್ನ ಚೀಟಿ. ಎಣಿಸುತ್ತ ಬಂದ ಒಂದು ಸಂಸಾರ ಮೇಲೆ ತಲುಪಿ, ಆರುನೂರ ನಲವತ್ತೆರಡು, ಸರಿಯಾಗಿದೆ ಎಂದು ಬೀಗಿತು. ಅವರ ಹಿಂದಿನವರಿಗೂ ಅಷ್ಟೇ ಬಂತು. ಕಟ್ಟೆಯ ಮೇಲೆ ಮೂವತ್ತು ಜನ ಮಂಜಿನತ್ತ ಮುಖ ಮಾಡಿ ಟ್ಯಾಂಕಿಗಾಗಿ ಕಾಯುತ್ತಿದ್ದರು. ಬೀದಿಯಲ್ಲಿ ಹನ್ನೊಂದು ಹೋಟೆಲು, ಹನ್ನೊಂದರ ಬಾಗಿಲಲ್ಲೂ ಹೊಸ ಬೋರ್ಡು: “ತಿಗಣೆ ಇಲ್ಲದ ಆ ಒಂದು ಹೋಟೆಲು ಇದೇ.”

ಕಾರ್ಯದರ್ಶಿ ಕ್ಷಮಾಪಣೆಯನ್ನು ಓದದೆ ಮಡಿಸಿ ಜೇಬಿಗೆ ಹಾಕಿದರು. ರೂಮು ಖಾಲಿ ಇಲ್ಲ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಸಡಿಲ ಮೆಟ್ಟಿಲನ್ನು ಸಂಘದಿಂದ ರಿಪೇರಿ ಮಾಡಿಸಿದ್ದರಂತೆ, ಜನ ಅದೆಲ್ಲಿ ಎಂದು ಕೇಳಿ ಕೇಳಿ ಮತ್ತೆ ಸಡಿಲ ಮಾಡಿಸಿದರಂತೆ. ನಾನು ತಡೆಯಲಾರದೆ ಲೆಕ್ಕ ತಪ್ಪಿರುವ ವಿಷಯ ಹೇಳಿದೆ.

“ಎಲ್ರಿಗೂ ಆರುನೂರ ನಲವತ್ತೆರಡೇ ಸಿಗ್ತಿದೆ,” ಎಂದರು. “ನಿಮ್ಮೊಬ್ರಿಗೆ ಒಂದು ಕಮ್ಮಿ ಬಂದ್ರೆ ನಾನೇನ್ ಮಾಡ್ಲಿ, ತಂಗಿ?”

ಆಮೇಲೆ ಅಸಲು ಮಾತಿಗೆ ಬಂದರು. ಪುಸ್ತಕ ನಮ್ಮ ಪ್ರೆಸ್ಸಿಗೇ, ಚಿತ್ರ ಭಾವನದೇ. ಆದರೆ ಚೀಟಿ ಇರಲೇಬೇಕು. ಕೆಳಗಿನೂರಿನವರ ಪುಸ್ತಕದಲ್ಲಿ ತಿದ್ದುಪಡಿ ಮೂರಿದ್ದರೆ ತಮ್ಮದರಲ್ಲಿ ಐದಾದರೂ ಬೇಕು, ಮರ್ಯಾದೆಯ ಪ್ರಶ್ನೆ.

ಮನೆಗೆ ಬಂದು ಹೇಳಿದೆ. ಅಕ್ಕ ಉಸ್ಸೆಂದು ಕೂತಳು. ಚಿತ್ರ ಯಾರಾದರೂ ನೋಡಿದರಂತೆಯೇ ಎಂದು ಭಾವ ಕೇಳಿದರು. ಜನ ಮೊದಲು ಚೀಟಿ ಓದಿ, ಅದರಲ್ಲಿರುವ ಪುಟವನ್ನಷ್ಟೇ ತೆಗೆಯುತ್ತಾರೆ ಎಂದು ಹೇಳಬೇಕಾಯಿತು. ಕೇಳಿದ್ದಕ್ಕೆ ಇನ್ನೇನು ಹೇಳಲಿ?

ಮರುವಾರ ಮೇಲಿನೂರಿನ ಪುಸ್ತಕಕ್ಕೆ ಭಾವ ಬರೆದ ಹೊಸ ಚಿತ್ರಗಳು ನನ್ನ ಮೇಜಿಗೆ ಬಂದವು. ಒಂದರಲ್ಲಿ ಕೆಳಗಿನೂರಿನ ಕಡಲ ದೀಪಸ್ತಂಭಕ್ಕೆ ಐದು ಕಿಟಕಿ ಇದ್ದವು. ಇಪ್ಪತ್ತು ವರ್ಷದಿಂದ ಭಾವ ನಾಲ್ಕೇ ಬರೆಯುತ್ತಿದ್ದರು. ಇರುವುದೂ ನಾಲ್ಕೇ. ಹಾಳೆ ಎತ್ತಿಕೊಂಡು ಅವರ ಬಳಿ ಹೋದೆ.

“ಇರ್ಲಿ ಬಿಡು, ನಿನ್ನ ಚೀಟಿಗೆ ಆಗುತ್ತೆ,” ಎಂದರು, ತಿರುಗಿ ನೋಡದೆ. “ಇಷ್ಟು ವರ್ಷ ಬೇಕಂತ್ಲೇ ಸುಳ್ಳು ಹೇಳಿದೀನಿ, ಕಷ್ಟ ಆಗ್ಲಿಲ್ಲ. ಬೇಕಂತ ತಪ್ಪು ಮಾಡೋಕೆ ಕೈ ಬರ್ತಿಲ್ಲ ನೋಡು. ಆ ಐದನೇ ಕಿಟಕಿ ಎಷ್ಟು ಸೊಟ್ಟ ಬಂದಿದೆ.”

ಬೇಕೆಂದೇ ಮಾಡಿದ ತಪ್ಪನ್ನು ತಿದ್ದಬೇಕೋ ಬೇಡವೋ, ಸಂಜೆ ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದೆ. ಆಮೇಲೆ, ನಾಲ್ಕೇ ಎಂದು ನಾನು ಯಾವಾಗ ಎಣಿಸಿದ್ದೆ ಎಂಬ ಅನುಮಾನ ಹುಟ್ಟಿ, ಕೆಳಗಿನೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡತೊಡಗಿದೆ.